ಕಡಲಿನ ಹಕ್ಕಲು



ವಿಜಯಪುರದಿಂದ ಹುಬ್ಬಳ್ಳಿಯ ಹೆದ್ದಾರಿ ಹಿಡಿದು ಹೊರಟವರು ಕೊಲ್ಹಾರದ ಸೇತುವೆ ಬಂದೊಡನೆ ಕಿಟಕಿಯತ್ತ ವಾಲುತ್ತಾರೆ. ಮಳೆಗಾಲ ಮುಗಿದ ಮೇಲೆ ಅಲ್ಲಿ ಕಾಣುವುದು ಹೊಳೆಯಲ್ಲ. ಆಚೆ ದಡ ಮಸುಕಾಗುವಷ್ಟು ಅಗಲಕ್ಕೆ ಹರಡಿ ನಿಂತ ನೀರು, ಆಲಮಟ್ಟಿಯ ಹಿನ್ನೀರು. ಮೊದಲ ಸಲ ನೋಡುವ ಮಕ್ಕಳು ಅದನ್ನು ಸಮುದ್ರವೆಂದೇ ತಿಳಿಯುತ್ತಾರೆ. ಆ ನೀರಿನ ಮೇಲೆ ಅಲ್ಲೊಂದು ಇಲ್ಲೊಂದು ಹರಿಗೋಲು, ಅದರಲ್ಲಿ ಬಾಗಿ ಬಲೆ ಬಿಡುವ ಒಬ್ಬಿಬ್ಬರು. ಆ ನೀರಿನಲ್ಲಿ ಮೀನು ಹಿಡಿಯಲು ಅವರಿಗೆ ಯಾರು ಅಪ್ಪಣೆ ಕೊಟ್ಟರು, ಅಪ್ಪಣೆ ಕೊಡುವ ಅಧಿಕಾರ ಕೊಟ್ಟವರಿಗೆ ಎಲ್ಲಿಂದ ಬಂತು, ಎಂದು ನಾವು ಕೇಳುವುದಿಲ್ಲ. ಬಸ್ಸು ಸೇತುವೆ ದಾಟುತ್ತದೆ, ಮಾತು ಬೇರೆಡೆಗೆ ತಿರುಗುತ್ತದೆ.

ಆದರೆ ಈ ಪ್ರಶ್ನೆಯನ್ನೇ ಮಹಾಸಾಗರಗಳ ಮೇಲೆ ನಿಂತು ಕೇಳಿದವರಿದ್ದಾರೆ. ಅದಕ್ಕಾಗಿ ಸೆರೆ ಹೋದವರು, ಉಪವಾಸ ಕುಳಿತವರು ಇದ್ದಾರೆ. ಅವರಲ್ಲಿ ಒಬ್ಬರು ನಮ್ಮ ಧರ್ಮಸಭೆಯ ಗುರುಗಳು. ಅವರ ಕಥೆಯನ್ನು ಹೇಳುವುದೇ ಈ ಲೇಖನದ ಉದ್ದೇಶ. ಅದನ್ನು ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ, ನಾನೂರು ಐನೂರು ವರ್ಷಗಳಷ್ಟು ಹಿಂದಕ್ಕೆ, ಹೋಗಬೇಕಾಗುತ್ತದೆ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಜೋಳದ ಹೊಲಗಳ ನಡುವೆ ಬದುಕುವ ನಮಗೆ ಕಡಲಿನ ಗೊಡವೆ ಏಕೆ ಎಂದು ನೀವು ಕೇಳಬಹುದು. ಬರ ಬಿದ್ದ ವರ್ಷ ಗಂಟುಮೂಟೆ ಕಟ್ಟಿಕೊಂಡು ಗೋವೆಗೂ ಮಂಗಳೂರಿಗೂ ದುಡಿಯಲು ಹೋದ ಮನೆಗಳು ಈ ನಾಲ್ಕೂ ಸೀಮೆಗಳಲ್ಲಿವೆ. ಅವರು ಈ ಪ್ರಶ್ನೆ ಕೇಳಲಾರರು. ಇನ್ನೊಂದು ಸಂಗತಿಯನ್ನು ನಾವು ಮರೆತಿದ್ದೇವೆ. ಒಂದು ಕಾಲಕ್ಕೆ ವಿಜಾಪುರವೇ ಕಡಲಿನ ಒಡೆತನವಿದ್ದ ರಾಜ್ಯವಾಗಿದ್ದಿತು. ಗೋವೆ ಆದಿಲಶಾಹಿಯ ಬಂದರಾಗಿತ್ತು. 1510ರ ನವೆಂಬರ್ 25ರಂದು, ಸಂತ ಕ್ಯಾಥರೀನಳ ಹಬ್ಬದ ದಿನ, ಅಲ್ಬುಕರ್ಕನ ಪಡೆ ಅದನ್ನು ವಶಪಡಿಸಿಕೊಂಡಿತು. ಅರವತ್ತು ವರ್ಷಗಳ ಮೇಲೆ ಅಲಿ ಆದಿಲಶಹನು ಗೋವೆಗೆ ಮುತ್ತಿಗೆ ಹಾಕಿದನು; ಕೈಗೂಡಲಿಲ್ಲ. 1571ರಲ್ಲಿ ಸಂಧಿಯಾಯಿತು.

ಗೋವೆ ಹೋದುದಕ್ಕಿಂತ ದೊಡ್ಡ ನಷ್ಟ ಇನ್ನೊಂದಿತ್ತು. ಪೋರ್ಚುಗೀಜರು ಅರಬ್ಬೀ ಕಡಲಿನಲ್ಲಿ 'ಕರ್ತಾಸ್' ಎಂಬ ರಹದಾರಿ ಪತ್ರದ ಪದ್ಧತಿಯನ್ನು ತಂದರು. ಯಾವ ಹಡಗು, ಯಾವ ಸರಕು, ಯಾವ ಬಂದರಿಗೆ ಎಂಬುದನ್ನೆಲ್ಲ ಬರೆದು ಮುದ್ರೆಯೊತ್ತಿದ ಕಾಗದ. ಅದಿಲ್ಲದೆ ಸಿಕ್ಕ ಹಡಗು ಅವರ ಕೊಳ್ಳೆಯಾಗುತ್ತಿತ್ತು. ಗೋಳಗುಮ್ಮಟದಂಥ ಕಟ್ಟಡವನ್ನು ಎತ್ತಿ ನಿಲ್ಲಿಸಿದ ಮನೆತನದ ಹಡಗುಗಳೂ ತಮ್ಮ ತೀರದ ಮುಂದಿನ ನೀರಿನಲ್ಲಿ ಸಾಗಲು ಆ ಕಾಗದವನ್ನು ಪಡೆಯಬೇಕಾಗಿತ್ತು. ಹಾಯಿಗಳ ಮೇಲೆ ಶಿಲುಬೆಯ ಗುರುತು ಬರೆಸಿಕೊಂಡು ಬಂದವರು ಹೀಗೆ ನಡೆದುಕೊಂಡರೆಂಬುದು ಕ್ರೈಸ್ತರಾದ ನಮಗೆ ಹಿತವಾದ ನೆನಪಲ್ಲ; ಆದರೂ ಅದನ್ನು ಮುಚ್ಚಿಟ್ಟು ಚರಿತ್ರೆ ಬರೆಯಲಾಗದು.

ಈ ಪದ್ಧತಿಯನ್ನು ಪ್ರಶ್ನಿಸಿದವನು ಹಾಲೆಂಡಿನ ನ್ಯಾಯಶಾಸ್ತ್ರಜ್ಞ ಹ್ಯೂಗೋ ಗ್ರೋಷಿಯಸ್. 1609ರಲ್ಲಿ ಅವನ 'ಮುಕ್ತ ಸಮುದ್ರ' ಎಂಬ ಲ್ಯಾಟಿನ್ ಗ್ರಂಥ ಹೊರಬಂತು. ಗಾಳಿಯಂತೆ ಸಮುದ್ರವೂ ಯಾರೊಬ್ಬರ ಸೊತ್ತಲ್ಲ. ಎಷ್ಟು ಬಳಸಿದರೂ ತೀರದ ವಸ್ತುವಿಗೆ ಬೇಲಿ ಹಾಕುವ ಹಕ್ಕು ಯಾವ ದೊರೆಗೂ ಇಲ್ಲ ಎಂಬುದು ಅವನ ವಾದ. ಕೇಳಲು ಸೊಗಸಾಗಿದೆ. ಆದರೆ ಗ್ರೋಷಿಯಸನು ಇದನ್ನು ಬರೆದದ್ದು ಡಚ್ ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ, ಆ ಕಂಪನಿಯವರು ಒಂದು ಪೋರ್ಚುಗೀಜ್ ಹಡಗನ್ನು ಹಿಡಿದುಕೊಂಡ ವ್ಯಾಜ್ಯದ ಸಂದರ್ಭದಲ್ಲಿ. ಮುಕ್ತ ಸಮುದ್ರವೆಂಬ ಮಾತು ಮುಂದಿನ ಮುನ್ನೂರು ವರ್ಷ ಯಾರಿಗೆ ಲಾಭ ತಂದಿತೆಂದು ಹೇಳಬೇಕಾಗಿಲ್ಲ. ದೊಡ್ಡ ಹಡಗು ಇದ್ದವನಿಗೆ ಎಲ್ಲ ಕಡಲೂ ಮುಕ್ತ. ತೆಪ್ಪವಿದ್ದವನಿಗೆ ತನ್ನ ಊರಿನ ದಂಡೆಯಷ್ಟೇ ಮುಕ್ತ.

ಕಡಲಿನ ಮೀನು ತೀರದ ವಸ್ತುವೆಂಬ ನಂಬಿಕೆ ಇಪ್ಪತ್ತನೆಯ ಶತಮಾನದಲ್ಲಿ ಸುಳ್ಳಾಯಿತು. ಉಗಿಯಂತ್ರ, ಡೀಸೆಲ್ ಯಂತ್ರ, ಹಡಗಿನೊಳಗೇ ಮೀನನ್ನು ಹೆಪ್ಪುಗಟ್ಟಿಸುವ ಕಾರ್ಖಾನೆಗಳು ಬಂದವು. ತಮ್ಮ ತೀರದ ಮೀನನ್ನು ಸಾವಿರಾರು ಮೈಲಿಗಳಾಚೆಯ ಹಡಗುಗಳು ಬಾಚಿಕೊಂಡು ಹೋಗುವುದನ್ನು ಕಂಡ ದಕ್ಷಿಣ ಅಮೆರಿಕದ ಚಿಲಿ, ಪೆರು, ಈಕ್ವೆಡಾರ್ ದೇಶಗಳು 1952ರಲ್ಲಿ ಸಾಂಟಿಯಾಗೋ ನಗರದಲ್ಲಿ ಕೂಡಿ, ತೀರದಿಂದ 200 ಮೈಲಿಗಳವರೆಗಿನ ಕಡಲು ತಮ್ಮದೆಂದು ಸಾರಿದವು. ಬಲ್ಲಿದ ದೇಶಗಳು ನಕ್ಕವು. ಪುಟ್ಟ ಐಸ್‌ಲ್ಯಾಂಡ್ ಕಾಡ್ ಮೀನಿಗಾಗಿ ಬ್ರಿಟನ್ನಿನ ನೌಕಾಪಡೆಯನ್ನು 1958ರಿಂದ 1976ರವರೆಗೆ ಮೂರು ಸಲ ಎದುರಿಸಿ ಗೆದ್ದ ಮೇಲೆ ಆ ನಗೆ ನಿಂತಿತು. ಕಡೆಗೆ 1982ರಲ್ಲಿ ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಡಂಬಡಿಕೆ 200 ಮೈಲಿಗಳ ವಿಶೇಷ ಆರ್ಥಿಕ ವಲಯವನ್ನು ಒಪ್ಪಿಕೊಂಡಿತು. 1994ರ ನವೆಂಬರ್ 16ರಂದು ಅದು ಜಾರಿಗೆ ಬಂತು. ಭಾರತ 1995ರಲ್ಲಿ ಅದನ್ನು ಅಂಗೀಕರಿಸಿತು.

ಇಲ್ಲಿ, ಓದುಗರೇ, ಸ್ವಲ್ಪ ನಿಲ್ಲೋಣ. ಆ ಒಡಂಬಡಿಕೆಯ 61 ಮತ್ತು 62ನೆಯ ವಿಧಿಗಳಲ್ಲಿ ನಮ್ಮ ಕಥೆಯ ಗಂಟು ಇದೆ. ಕರಾವಳಿಯ ದೇಶವು ತನ್ನ ವಲಯದಲ್ಲಿ ವರ್ಷಕ್ಕೆ ಎಷ್ಟು ಮೀನು ಹಿಡಿಯಬಹುದೆಂದು ತಾನೇ ನಿಗದಿಪಡಿಸಬೇಕು. ಅಷ್ಟನ್ನು ಹಿಡಿಯುವ ಶಕ್ತಿ ಅದಕ್ಕಿಲ್ಲದಿದ್ದರೆ, ಉಳಿದುದನ್ನು ಒಪ್ಪಂದದ ಮೂಲಕ ಬೇರೆ ದೇಶಗಳಿಗೆ ಬಿಟ್ಟುಕೊಡಬೇಕು. ಆ ಉಳಿಕೆಗೇ ಕಾನೂನು 'ಹೆಚ್ಚುವರಿ' ಎಂದು ಹೆಸರಿಟ್ಟಿದೆ.

ನಮ್ಮ ಸೀಮೆಯಲ್ಲಿ ಉಳಿಕೆಗೆ ಇನ್ನೊಂದು ಹೆಸರಿದೆ: ಹಕ್ಕಲು. ಜೋಳದ ಕೊಯಿಲು ಮುಗಿದ ಮೇಲೆ ಹೊಲದಲ್ಲಿ ಬಿದ್ದ ತೆನೆಗಳನ್ನು ಆಯ್ದುಕೊಳ್ಳಲು ಬಡವರ ಮನೆಯ ಹೆಂಗಸರು, ಮಕ್ಕಳು ಬರುತ್ತಾರೆ. ಹೊಲದವನು ಬೇಡವೆನ್ನುವುದಿಲ್ಲ. ಪವಿತ್ರ ಗ್ರಂಥವನ್ನು ಓದುವ ನಿಮಗೆ ಇದು ಹೊಸದಲ್ಲ. ಹೊಲದ ಮೂಲೆಗಳನ್ನು ಕೊಯ್ಯದೆ ಬಡವನಿಗೂ ಪರದೇಶಿಗೂ ಬಿಡಬೇಕೆಂದು ಇಸ್ರಾಯೇಲರಿಗೆ ಕಟ್ಟಳೆಯಿತ್ತು. ಮೋವಾಬಿನಿಂದ ಬಂದ ರೂತಳು ಬೋವಜನ ಹೊಲದಲ್ಲಿ ಹಕ್ಕಲು ಆಯ್ದಳು. ಆ ಹಕ್ಕಲಿನಿಂದ ಬದುಕಿದ ಕುಟುಂಬದಲ್ಲಿ ದಾವೀದ ಅರಸನು ಹುಟ್ಟಿದನು. ಅಲ್ಲಿ ಹಕ್ಕಲು ಆಯುವವಳು ಬಡವಿ, ಹೊಲದವನು ಸಿರಿವಂತ. ಕಡಲಿನ ಹಕ್ಕಲು ಇದಕ್ಕೆ ತಿರುಗುಮುರುಗು. ಹೊಲ ಬಡವನದು, ಹಕ್ಕಲು ಆಯಲು ಬಂದವನು ಸಿರಿವಂತ, ಅದೂ ಕೈಯಲ್ಲಿ ಬುಟ್ಟಿ ಹಿಡಿದಲ್ಲ, ಕಟಾವಿನ ಯಂತ್ರವನ್ನೇ ತಂದಿದ್ದಾನೆ. ಹೊಲದಲ್ಲಿ ಎಷ್ಟು ತೆನೆ ಬಿದ್ದಿದೆಯೆಂದು ಎಣಿಸುವವನೂ ಹಲವೊಮ್ಮೆ ಅವನೇ.

ಆಫ್ರಿಕದ ಪಶ್ಚಿಮ ತೀರದ ಸೆನೆಗಲ್ ದೇಶವನ್ನು ನೋಡಿ. 1979ರಲ್ಲಿ ಅದು ಯುರೋಪಿಯನ್ ಸಮುದಾಯದೊಡನೆ ಮೀನುಗಾರಿಕೆಯ ಒಪ್ಪಂದ ಮಾಡಿಕೊಂಡಿತು. ಇಂಥ ಒಪ್ಪಂದದ ರೀತಿ ಹೀಗೆ: ಇಷ್ಟು ಹಡಗುಗಳು, ಇಷ್ಟು ಟನ್ನು ಮೀನು, ಇಷ್ಟು ವರ್ಷ ಎಂದು ಬರೆಯಲಾಗುತ್ತದೆ. ಯುರೋಪಿನ ಬೊಕ್ಕಸದಿಂದ ವರ್ಷಕ್ಕೊಂದು ಇಡಿಗಂಟು ಬರುತ್ತದೆ, ಹಡಗಿನ ಮಾಲೀಕರು ಪರವಾನಗಿಯ ಶುಲ್ಕ ಕಟ್ಟುತ್ತಾರೆ. ಸಾಲದ ಹೊರೆ ಹೊತ್ತ ಸರ್ಕಾರಕ್ಕೆ ಆ ಇಡಿಗಂಟು ದೊಡ್ಡ ಆಸರೆ. ಎಷ್ಟು ಹಿಡಿದರೆಂಬ ಲೆಕ್ಕ ಬರೆಯುವವರು ಹಡಗಿನವರೇ. ಅದನ್ನು ಒರೆಗೆ ಹಚ್ಚುವ ಗಸ್ತು ದೋಣಿಯಾಗಲಿ ವಿಜ್ಞಾನಿಗಳಾಗಲಿ ಬಡ ದೇಶದ ಬಳಿ ಸಾಕಷ್ಟು ಇರುವುದಿಲ್ಲ. ದಡದ ಮೀನುಗಾರನು ಸಂಧಾನದ ಕೋಣೆಯಲ್ಲಿ ಇರುವುದೇ ಇಲ್ಲ. ಅವನಿಗೆ ಒಪ್ಪಂದದ ಸುದ್ದಿ ತಿಳಿಯುವುದು ತನ್ನ ಬಲೆ ಬರಿದಾಗಿ ಮೇಲೆ ಬಂದಾಗ.

ಸೆನೆಗಲ್ಲಿನ ಮೀನುಗಾರರು ಗದ್ದಲವೆಬ್ಬಿಸಿದರು. 2006ರಲ್ಲಿ ಮುಗಿದ ಒಪ್ಪಂದ 2014ರವರೆಗೆ ಮತ್ತೆ ಆಗಲಿಲ್ಲ. ಅದೇ 2006ರಲ್ಲಿ ಪಶ್ಚಿಮ ಆಫ್ರಿಕದ ತೀರದಿಂದ ಮರದ ಮೀನುದೋಣಿಗಳಲ್ಲಿ ಕುಳಿತು ಮೂವತ್ತು ಸಾವಿರಕ್ಕೂ ಹೆಚ್ಚು ಜನ ಸ್ಪೇನಿನ ಕ್ಯಾನರಿ ದ್ವೀಪಗಳಿಗೆ ಬಂದಿಳಿದರು. ಮೀನಿನ ಅಭಾವವೊಂದೇ ಇದಕ್ಕೆ ಕಾರಣವೆಂದು ಹೇಳಿದರೆ ಉತ್ಪ್ರೇಕ್ಷೆಯಾದೀತು. ಆದರೆ ಮೀನು ಯುರೋಪಿಗೆ ಹೋದ ದಾರಿಯಲ್ಲೇ ಮೀನುಗಾರರ ದೋಣಿಯೂ ಹೋಯಿತೆಂಬುದನ್ನು ಹೇಗೆ ಮರೆಯುವುದು? ಯುರೋಪಿನವರೂ ತಮ್ಮ ನೀತಿಯನ್ನು ತಿದ್ದಿಕೊಳ್ಳುತ್ತ ಬಂದಿದ್ದಾರೆ. ವೈಜ್ಞಾನಿಕವಾಗಿ ಸಿದ್ಧವಾದ ಹೆಚ್ಚುವರಿಯನ್ನು ಮಾತ್ರ ಹಿಡಿಯಬೇಕು, ಕೊಡುವ ಹಣದ ಒಂದು ಪಾಲು ಸ್ಥಳೀಯ ಮೀನುಗಾರಿಕೆಗೇ ಸಲ್ಲಬೇಕು ಎಂಬ ನಿಯಮಗಳು 2013ರ ಸುಧಾರಣೆಯಲ್ಲಿ ಗಟ್ಟಿಯಾದವು. ಸೆನೆಗಲ್ಲಿನೊಡನೆ ಇದ್ದ ಕೊನೆಯ ಒಪ್ಪಂದದ ಅವಧಿ 2024ರ ನವೆಂಬರ್‌ನಲ್ಲಿ ಮುಗಿಯಿತು.

ಶಾಂತಸಾಗರದ ದ್ವೀಪಗಳ ಕಥೆ ಸ್ವಲ್ಪ ಬೇರೆ, ಕೇಳಲು ಸಂತೋಷ ಕೊಡುವಂಥದು. ಟ್ಯೂನಾ ಮೀನು ಅಲೆಮಾರಿ, ಅದರ ಮೇಲೆ ದ್ವೀಪಗಳಿಗೆ ಹಕ್ಕಿಲ್ಲ ಎಂಬುದು ಅಮೆರಿಕದ ವಾದವಾಗಿತ್ತು. 1984ರಲ್ಲಿ ಸಾಲೊಮನ್ ದ್ವೀಪಗಳ ಸರ್ಕಾರ 'ಜೆನೆಟ್ ಡಯಾನಾ' ಎಂಬ ಅಮೆರಿಕದ ಹಡಗನ್ನು ಹಿಡಿದು ಕಟ್ಟಿಹಾಕಿತು. ಅಮೆರಿಕ ಸಿಟ್ಟಾಗಿ ಅಲ್ಲಿಯ ಮೀನನ್ನು ಕೊಳ್ಳುವುದನ್ನೇ ನಿಲ್ಲಿಸಿತು. 1985ರಲ್ಲಿ ಕಿರಿಬಾಟಿ ಎಂಬ ಚುಕ್ಕೆಯಷ್ಟು ದೇಶ ಸೋವಿಯತ್ ರಷ್ಯಾದೊಡನೆ ಮೀನಿನ ಒಪ್ಪಂದ ಮಾಡಿಕೊಂಡಿತು. ಆಗ ಅಮೆರಿಕಕ್ಕೆ ಎಚ್ಚರವಾಯಿತು. 1987ರಲ್ಲಿ ದ್ವೀಪ ದೇಶಗಳೆಲ್ಲವುಗಳ ಜೊತೆ ಒಟ್ಟಾಗಿ ಒಪ್ಪಂದಕ್ಕೆ ಬಂತು. ಮುಂದೆ ನೌರು ಒಪ್ಪಂದದ ಎಂಟು ದೇಶಗಳು ತಮ್ಮೊಳಗಿನ ಪೈಪೋಟಿ ಬಿಟ್ಟು, ಮೀನಿನ ತೂಕಕ್ಕೆ ಬದಲಾಗಿ ಹಡಗು ತಮ್ಮ ನೀರಿನಲ್ಲಿ ಕಳೆಯುವ ದಿನಗಳನ್ನು ಮಾರುವ ಪದ್ಧತಿಯನ್ನು 2007ರ ಸುಮಾರಿಗೆ ತಂದವು. ವರ್ಷಕ್ಕೆ ಇಷ್ಟೇ ದಿನಗಳೆಂದು ಮಿತಿ. ದಿನವೊಂದಕ್ಕೆ ಇಂತಿಷ್ಟು ಕನಿಷ್ಠ ಬೆಲೆ. 2012ರಲ್ಲಿ 5,000 ಡಾಲರ್ ಇದ್ದ ಆ ಬೆಲೆ 2015ಕ್ಕೆ 8,000ಕ್ಕೆ ಏರಿತು. ಒಬ್ಬೊಬ್ಬರಾಗಿ ಹೋದಾಗ ಚಿಲ್ಲರೆ ಪಡೆದವರು ಕೂಡಿ ಕುಳಿತಾಗ ಬೆಲೆ ಕಟ್ಟುವವರಾದರು.

ಈಗ ನಮ್ಮ ದೇಶಕ್ಕೆ ಬರೋಣ. ಭಾರತ 1976ರಲ್ಲಿ ಕಾನೂನು ಮಾಡಿ, 1977ರ ಜನವರಿಯಿಂದ ತನ್ನ 200 ಮೈಲಿಗಳ ವಲಯವನ್ನು ಘೋಷಿಸಿತು. ಸುಮಾರು 20 ಲಕ್ಷ ಚದರ ಕಿಲೋಮೀಟರ್ ಕಡಲು. ವಿದೇಶಿ ಹಡಗುಗಳನ್ನು ನಿಯಂತ್ರಿಸಲು 1981ರಲ್ಲಿ ಇನ್ನೊಂದು ಕಾನೂನು ಬಂತು. ನಿಯಂತ್ರಣದ ಕಾನೂನಿನ ಬೆನ್ನಿಗೇ ಬಾಡಿಗೆ ಹಡಗುಗಳಿಗೆ ಅವಕಾಶವೂ ಬಂತು. 1991ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಹೊಸ ಆಳಸಮುದ್ರ ಮೀನುಗಾರಿಕಾ ನೀತಿಯನ್ನು ಪ್ರಕಟಿಸಿತು. ವಿದೇಶಿ ಕಂಪನಿಗಳು ಭಾರತೀಯ ಪಾಲುದಾರರೊಡನೆ ಕೂಡಿ ನಮ್ಮ ಕಡಲಿಗೆ ಇಳಿಯಬಹುದಾಯಿತು. ಕಾರಣವಾಗಿ ಹೇಳಿದ್ದು ಅದೇ ಹಳೆಯ ಮಾತು: ಆಳದಲ್ಲಿ ಮೀನು ಹೆಚ್ಚುವರಿಯಾಗಿದೆ, ಹಿಡಿಯುವ ಶಕ್ತಿ ನಮ್ಮವರಿಗಿಲ್ಲ.

ಶಕ್ತಿ ಇಲ್ಲದವರು ಯಾರೆಂದು ಆಗ ದೇಶಕ್ಕೆ ಗೊತ್ತಾಯಿತು. ಫಾದರ್ ಥಾಮಸ್ ಕೋಚೇರಿಯವರು 1940ರಲ್ಲಿ ಕೇರಳದ ಚಂಗನಾಶೇರಿಯಲ್ಲಿ ಹುಟ್ಟಿದವರು, ರಿಡೆಂಪ್ಟರಿಸ್ಟ್ ಸಭೆಯ ಗುರುಗಳು, ವಕೀಲಿಕೆಯನ್ನೂ ಕಲಿತವರು. ಗುರುದೀಕ್ಷೆಯ ನಂತರ ತಿರುವನಂತಪುರದ ಬಳಿಯ ಪೂಂತುರ ಎಂಬ ಮೀನುಗಾರರ ಹಳ್ಳಿಯಲ್ಲಿ ನೆಲೆಸಿ ಅವರೊಡನೆ ದುಡಿದರು. ಮಳೆಗಾಲ ಮೀನು ಮೊಟ್ಟೆಯಿಡುವ ಕಾಲ. ಆಗ ಟ್ರಾಲ್ ದೋಣಿಗಳನ್ನು ನಿಲ್ಲಿಸಬೇಕೆಂದು ಕೇರಳದಲ್ಲಿ ನಡೆದ ಚಳವಳಿಯಲ್ಲಿ ಗುರುಗಳೂ ಕನ್ಯಾಸ್ತ್ರೀಯರೂ ಉಪವಾಸ ಕುಳಿತರು. ಗುರುಗಳಿಗೆ ಸಂಘ, ಮುಷ್ಕರಗಳ ಸಹವಾಸ ತರವೇ ಎಂಬ ಬಗ್ಗೆ ಧರ್ಮಸಭೆಯೊಳಗೇ ಒಮ್ಮತವಿರಲಿಲ್ಲ. ಕೋಚೇರಿಯವರು ವಾದಕ್ಕಿಂತ ಹೆಚ್ಚಾಗಿ ತಮ್ಮ ಬದುಕಿನಿಂದಲೇ ಅದಕ್ಕೆ ಉತ್ತರವಿತ್ತರು. ಮೀನುಗಾರರ ರಾಷ್ಟ್ರೀಯ ವೇದಿಕೆಗೆ ಅವರು ನಾಯಕರಾದರು. ಅದರ ಬೇರುಗಳು 1978ರಷ್ಟು ಹಿಂದಿನವು. ಗೋವೆಯ ಮಥಾನಿ ಸಲ್ದಾನ್ಹಾ ಅದನ್ನು ಕಟ್ಟಿದವರಲ್ಲಿ ಮುಖ್ಯರು.

ಈ ಹೋರಾಟದಲ್ಲಿ ನನಗೆ ಬಹಳ ಮಹತ್ವದ್ದೆಂದು ತೋರುವುದು ಒಂದು ಸಂಗತಿ. ಕರಾವಳಿಯ ಮೀನುಗಾರರು ಆಗ ಒಂದಾಗಿರಲಿಲ್ಲ. ನಮ್ಮ ಕರ್ನಾಟಕದ್ದೇ ಉದಾಹರಣೆ ಸಾಕು. ದಕ್ಷಿಣ ಕನ್ನಡ, ಉತ್ತರ ಕನ್ನಡದ ತೀರದಲ್ಲಿ ತಲೆಮಾರುಗಳಿಂದ ರಂಪಣಿ ಬಲೆಯಿತ್ತು. ದಡದಿಂದ ಬೀಸಿ ಊರಿನ ಹತ್ತಾರು ಜನ ಒಟ್ಟಿಗೆ ಎಳೆಯುವ ಬಲೆ, ಎಳೆದವರಿಗೆಲ್ಲ ಪಾಲು. 1970ರ ದಶಕದ ನಡುವಿನಲ್ಲಿ ಯಂತ್ರದೋಣಿಗಳ ಪರ್ಸೀನ್ ಬಲೆ ಬಂದು, ಬಂಗುಡೆ, ಬೂತಾಯಿಯ ಹಿಂಡುಗಳು ದಡ ತಲುಪುವ ಮೊದಲೇ ಅವನ್ನು ಸುತ್ತುವರಿದು ಹಿಡಿಯತೊಡಗಿತು. ದಶಕದ ಕೊನೆಯ ಹೊತ್ತಿಗೆ ಜಗಳ ಕೈಮೀರಿತು, ರಂಪಣಿ ಸೋತಿತು. ಇಂಥ ಗಾಯ ಪ್ರತಿಯೊಂದು ರಾಜ್ಯದ ತೀರದಲ್ಲೂ ಇತ್ತು. ಆದರೂ ವಿದೇಶಿ ಹಡಗುಗಳ ವಿರುದ್ಧ ಕ್ರಿಯಾಸಮಿತಿ ರಚನೆಯಾದಾಗ ತೆಪ್ಪದವರು, ಟ್ರಾಲ್ ದೋಣಿಯ ಮಾಲೀಕರು, ಮೀನು ಮಾರುವ ಹೆಂಗಸರು, ಮೀನು ಸಂಸ್ಕರಣೆಯ ಕಾರ್ಖಾನೆಯವರು, ಹಿಂದೂ, ಮುಸಲ್ಮಾನ, ಕ್ರೈಸ್ತರೆನ್ನದೆ ಒಂದೇ ಚಾಪೆಯ ಮೇಲೆ ಕುಳಿತರು. ನಿನ್ನೆ ಬಲೆ ಹರಿದವನ ಪಕ್ಕದಲ್ಲಿ ಕುಳಿತುಕೊಳ್ಳುವುದು ಸುಲಭವಲ್ಲ, ಓದುಗರೇ. ಹೊಲದ ಬದುವಿನ ವ್ಯಾಜ್ಯಕ್ಕೆ ತಲೆಮಾರುಗಟ್ಟಲೆ ಮಾತು ಬಿಟ್ಟ ಮನೆಗಳನ್ನು ನಾವೂ ನೋಡಿದ್ದೇವೆ.

1994ರ ಫೆಬ್ರವರಿ 4ರಂದು ದೇಶದ ಕರಾವಳಿಯಲ್ಲೆಲ್ಲ ಮೀನುಗಾರಿಕೆ ಬಂದ್ ಆಯಿತು. ನವೆಂಬರ್‌ನಲ್ಲಿ ಮತ್ತೆ ಎರಡು ದಿನ ದೋಣಿಗಳು ನೀರಿಗಿಳಿಯಲಿಲ್ಲ. 1995ರ ಫೆಬ್ರವರಿಯಲ್ಲಿ ಸರ್ಕಾರ ಪಿ. ಮುರಾರಿಯವರ ಅಧ್ಯಕ್ಷತೆಯಲ್ಲಿ ಪರಿಶೀಲನಾ ಸಮಿತಿಯನ್ನು ನೇಮಿಸಿತು. ಪರಿಶೀಲನೆ ನಡೆದಿರುವಾಗಲೂ ಹಳೆಯ ಪರವಾನಗಿಗಳು ನಡೆದೇ ಇದ್ದವು. ಮೇ ತಿಂಗಳಲ್ಲಿ ಕೋಚೇರಿಯವರು ಗಾಂಧೀಜಿಯವರ ಹುಟ್ಟೂರಾದ ಪೋರಬಂದರಿನಲ್ಲಿ ಉಪವಾಸ ಕುಳಿತರು. ಒಬ್ಬ ಕಥೋಲಿಕ ಗುರು, ಗಾಂಧೀಜಿಯವರ ಊರಿನಲ್ಲಿ, ಬಹುಪಾಲು ಹಿಂದೂಗಳೂ ಮುಸಲ್ಮಾನರೂ ಆದ ಮೀನುಗಾರರ ನಡುವೆ. ಸರ್ಕಾರ ಮಾತು ಕೊಟ್ಟ ಮೇಲೆ ಉಪವಾಸ ಮುಗಿಯಿತು.

ಮುರಾರಿ ಸಮಿತಿ ಕಡೆಗೆ 41 ಮಂದಿಯ ಸಮಿತಿಯಾಯಿತು. ಹಲವು ಪಕ್ಷಗಳ ಸಂಸದರೂ ಮೀನುಗಾರರ ಪ್ರತಿನಿಧಿಗಳೂ ಅದರಲ್ಲಿದ್ದರು. ಸೆನೆಗಲ್ಲಿನ ಮೀನುಗಾರನಿಗೆ ಸಿಗದ ಕುರ್ಚಿ ಇಲ್ಲಿ ಸಿಕ್ಕಿತೆನ್ನಬೇಕು. 1996ರ ಫೆಬ್ರವರಿಯಲ್ಲಿ ಸಮಿತಿ 21 ಶಿಫಾರಸುಗಳನ್ನಿತ್ತಿತು: ಕಾನೂನಿನ ಕ್ರಮದಂತೆ ವಿದೇಶಿ ಸಹಭಾಗಿತ್ವದ, ಬಾಡಿಗೆಯ, ಗುತ್ತಿಗೆಯ ಹಡಗುಗಳ ಪರವಾನಗಿಗಳನ್ನೆಲ್ಲ ರದ್ದುಗೊಳಿಸಬೇಕು, ಮುಂದೆ ಹೊಸದಾಗಿ ಕೊಡಬಾರದು, ನಮ್ಮ ಮೀನುಗಾರರು ಈಗಾಗಲೇ ದುಡಿಯುತ್ತಿರುವ ಕಡಲನ್ನು ಅವರಿಗೇ ಮೀಸಲಿಡಬೇಕು, ಆಳಕ್ಕೆ ಹೋಗಲು ಬೇಕಾದ ತರಬೇತಿ ಮತ್ತು ನೆರವನ್ನು ಅವರಿಗೇ ಕೊಡಬೇಕು. ಎಂದರೆ, ಶಕ್ತಿ ಇಲ್ಲವೆಂದು ಹಕ್ಕಲನ್ನು ಪರರಿಗೆ ಕೊಡುವ ಬದಲು ಹೊಲದವನಿಗೇ ಶಕ್ತಿ ತುಂಬಬೇಕು. ವರದಿ ಕಪಾಟಿನಲ್ಲಿ ಕುಳಿತಿತು. 1996ರ ಆಗಸ್ಟ್‌ನಲ್ಲಿ ಕೋಚೇರಿಯವರು ಮುಂಬಯಿಯಲ್ಲಿ ಮತ್ತೆ ಉಪವಾಸ ಹೂಡಿದರು. 1997ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ಶಿಫಾರಸುಗಳಲ್ಲಿ ಬಹುಪಾಲನ್ನು ಒಪ್ಪಿಕೊಂಡಿತು. ಅದೇ ವರ್ಷ ನವೆಂಬರ್ 21ರಂದು ಹಲವು ದೇಶಗಳ ಮೀನುಗಾರರು ದೆಹಲಿಯಲ್ಲಿ ಕೂಡಿ ತಮ್ಮದೇ ಜಾಗತಿಕ ವೇದಿಕೆಯನ್ನು ಕಟ್ಟಿದರು. ಆ ದಿನವನ್ನು ಈಗ ವಿಶ್ವ ಮೀನುಗಾರಿಕಾ ದಿನವೆಂದು ಆಚರಿಸಲಾಗುತ್ತಿದೆ. ವ್ಯಾಟಿಕನ್ನಿನಿಂದಲೂ ಆ ದಿನ ಸಂದೇಶ ಬರುವುದುಂಟು.

1999ರಲ್ಲಿ ಅಮೆರಿಕದ ಒಂದು ಪ್ರತಿಷ್ಠಾನ ಕೋಚೇರಿಯವರಿಗೆ 1,50,000 ಡಾಲರ್‌ಗಳ ಪುರಸ್ಕಾರವನ್ನು ಘೋಷಿಸಿತು. ಆ ಹಣದ ಮೂಲ ತೈಲ ಕಂಪನಿಯದೆಂದು ತಿಳಿದು ಅವರು ಅದನ್ನು ಬೇಡವೆಂದರು. 2014ರ ಮೇ 3ರಂದು ಅವರು ಪ್ರಭುವಿನಲ್ಲಿ ನಿದ್ರೆ ಹೋದರು.

ಗೆಲುವಿನ ಕಥೆಯನ್ನು ಇಲ್ಲಿಗೆ ನಿಲ್ಲಿಸಿದರೆ ಅರ್ಧ ಸತ್ಯವಾಗುತ್ತದೆ. ವಿದೇಶಿ ಹಡಗುಗಳು ಹಿಂದೆ ಸರಿದ ಮಾತ್ರಕ್ಕೆ ಕಡಲು ತುಂಬಲಿಲ್ಲ. ನಮ್ಮವರದೇ ಯಂತ್ರದೋಣಿಗಳು ಬೆಳೆದವು, ಬಲೆಯ ಕಣ್ಣು ಕಿರಿದಾಯಿತು. ರಾತ್ರಿ ಪ್ರಖರ ದೀಪ ಹಚ್ಚಿ ಮೀನನ್ನು ಸೆಳೆಯುವ ಪದ್ಧತಿ ಹಬ್ಬಿ, 2017ರಲ್ಲಿ ಕೇಂದ್ರವೇ ಅದನ್ನು ನಿಷೇಧಿಸಬೇಕಾಯಿತು. ನಿಷೇಧದ ನಂತರವೂ ಅದರ ಮೇಲಿನ ಜಗಳ ಕರ್ನಾಟಕದ ಬಂದರುಗಳಲ್ಲಿ ತಣ್ಣಗಾಗಲಿಲ್ಲ. ಪಶ್ಚಿಮ ತೀರದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದೋಣಿಗಳಿಗೆ ಬಿಡುವು ಕೊಡುವ ಕಟ್ಟಳೆಯೊಂದು ಉಳಿದಿರುವುದು ಪುಣ್ಯ. ಪರರ ದುರಾಸೆಯನ್ನು ಗುರುತಿಸುವಷ್ಟು ಬೇಗ ನಾವು ನಮ್ಮದನ್ನು ಗುರುತಿಸುವುದಿಲ್ಲ. ಜಗದ್ಗುರುಗಳಾಗಿದ್ದ ಫ್ರಾನ್ಸಿಸ್ ಅವರು 2015ರ 'ಲೌದಾತೋ ಸೀ' ವಿಶ್ವಪತ್ರದಲ್ಲಿ ಮಿತಿಯಿಲ್ಲದ ಮೀನುಗಾರಿಕೆಯನ್ನು ಹೆಸರಿಸಿ ಬರೆದಾಗ, ಯಾವ ದೇಶದ ದೋಣಿಗೂ ವಿನಾಯಿತಿ ಕೊಟ್ಟಿರಲಿಲ್ಲ. ಬಡ್ಡಿಯಿಲ್ಲದ ಸಾಲದಂತೆ ಸರ್ಕಾರಗಳು ಸುರಿಯುವ ಮೀನುಗಾರಿಕಾ ಸಹಾಯಧನಕ್ಕೆ ಕಡಿವಾಣ ಹಾಕುವ ವಿಶ್ವ ವ್ಯಾಪಾರ ಸಂಸ್ಥೆಯ ಒಪ್ಪಂದ 2022ರಲ್ಲಿ ಆಯಿತು, 2025ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂತು. ಅದು ಬಲ್ಲಿದರನ್ನು ಬಿಗಿಯುವುದೋ ಬಡವರನ್ನೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ.

ಇನ್ನು ನಮ್ಮ ಹಿನ್ನೀರಿಗೆ ಮರಳೋಣ. ಆಲಮಟ್ಟಿಯಲ್ಲಿ 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟರು. 2006ರ ಆಗಸ್ಟ್ 21ರಂದು ರಾಷ್ಟ್ರಪತಿ ಅಬ್ದುಲ್ ಕಲಾಂ ಅವರು ಅಣೆಕಟ್ಟನ್ನು ನಾಡಿಗೆ ಅರ್ಪಿಸಿದರು. 519.6 ಮೀಟರ್ ಎತ್ತರಕ್ಕೆ ನೀರು ನಿಂತರೆ ಸುಮಾರು 123 ಟಿ.ಎಂ.ಸಿ. ಅದರ ಕೆಳಗೆ ನಾರಾಯಣಪುರದ ಬಸವಸಾಗರ. ಅದರ ಹಿನ್ನೀರು ಮುದ್ದೇಬಿಹಾಳದ ಸೀಮೆಯನ್ನು ಮುಟ್ಟುತ್ತದೆ. ಆ ನೀರನ್ನು ಹಂಚಿಕೊಳ್ಳಲು ರಾಜ್ಯಗಳು ನ್ಯಾಯಮಂಡಳಿಗಳ ಮುಂದೆ ದಶಕಗಟ್ಟಲೆ ವಾದಿಸಿದವು, ಟಿ.ಎಂ.ಸಿ.ಯ ಲೆಕ್ಕದಲ್ಲಿ. ಅತ್ತ ಇಂಡಿ, ಸಿಂದಗಿಯವರು ಭೀಮಾ ನದಿಯ ದಂಡೆಯಲ್ಲಿ ಮಹಾರಾಷ್ಟ್ರದ ಉಜನಿ ಅಣೆಕಟ್ಟಿನಿಂದ ನೀರು ಯಾವಾಗ ಬಿಟ್ಟಾರೆಂದು ಬೇಸಿಗೆಯುದ್ದಕ್ಕೂ ಕಾಯುತ್ತಾರೆ. ನೀರಿನ ಲೆಕ್ಕಕ್ಕೆ ಇಷ್ಟೊಂದು ವಕೀಲರಿದ್ದರು. ನೀರಿನೊಳಗಿನ ಮೀನಿಗೆ ಯಾರೂ ಇರಲಿಲ್ಲ.

ಹೊಳೆ ಹೊಳೆಯಾಗಿಯೇ ಇದ್ದಾಗ ಅಂಬಿಗರು, ಕಬ್ಬಲಿಗರು ಹರಿಗೋಲು ನಡೆಸಿ, ಬಲೆ ಬೀಸಿ ಬದುಕಿದರು. ಹನ್ನೆರಡನೆಯ ಶತಮಾನದ ಶರಣರ ಸಾಲಿನಲ್ಲಿ ಒಬ್ಬ ಅಂಬಿಗನೂ, ಚೌಡಯ್ಯನವರು, ಇದ್ದಾರೆಂಬುದು ಬಾಗೇವಾಡಿಯ ನೆಲದವರಿಗೆ ಹೇಳಿಕೊಡಬೇಕಾದ ಮಾತಲ್ಲ. ಹೊಳೆ ಜಲಾಶಯವಾದ ಮೇಲೆ ಅಲ್ಲಿ ಮೀನು ಹಿಡಿಯಲು ಮೀನುಗಾರಿಕೆ ಇಲಾಖೆಯ ಪರವಾನಗಿ ಬೇಕಾಯಿತು. ಕೆರೆಗಳಾದರೆ ಗುತ್ತಿಗೆ, ಟೆಂಡರು, ಹರಾಜು. ಇಲಾಖೆ ಕಾಟ್ಲಾ, ರೋಹು ಮರಿಗಳನ್ನು ಬಿಡುವುದರಿಂದ ನಿಯಮ ಬೇಕೆಂಬುದನ್ನು ಒಪ್ಪೋಣ. ನಿಯಮವಿಲ್ಲದ ನೀರು ಯಾರಿಗೂ ಉಳಿಯದು. ಆದರೆ ಹರಾಜಿನ ಕಟ್ಟೆಯಲ್ಲಿ ಹರಿಗೋಲಿನವನೂ ಹಣದ ಥೈಲಿಯವನೂ ಒಟ್ಟಿಗೆ ನಿಂತಾಗ ಯಾರ ಕೂಗು ಮೇಲಾಗುತ್ತದೆ? ಸಹಕಾರ ಸಂಘದ ಹೆಸರಿನಲ್ಲಿ ಪಡೆದ ಗುತ್ತಿಗೆ ಸಂಘದವರ ಕೈಯಲ್ಲೇ ಉಳಿಯುತ್ತದೆಯೇ? ಹಿನ್ನೀರಿಗೆ ಮನೆ, ಹೊಲ ಕೊಟ್ಟವನಿಗೆ ಆ ನೀರಿನ ಮೀನಿನಲ್ಲಿ ಮೊದಲ ಪಾಲಿದೆಯೆಂದು ಪರಿಹಾರದ ಕಾಗದಗಳಲ್ಲಿ ಬರೆದವರುಂಟೇ? ನಿಮ್ಮ ಊರಿನ ಕೆರೆಯ ಗುತ್ತಿಗೆ ಯಾರ ಹೆಸರಿನಲ್ಲಿದೆ, ಎಷ್ಟು ವರ್ಷಕ್ಕಿದೆ ಎಂದು ಪಂಚಾಯಿತಿಯಲ್ಲಿ ಒಮ್ಮೆ ಕೇಳಿ ನೋಡಿ.

ಗಲಿಲೇಯ ಸರೋವರದಲ್ಲೂ ಮೀನು ಹಿಡಿಯುವುದು ಪುಕ್ಕಟೆಯಾಗಿರಲಿಲ್ಲವೆಂದು ವಿದ್ವಾಂಸರು ಊಹಿಸುತ್ತಾರೆ. ಹೆರೋದನ ಆಡಳಿತದಲ್ಲಿ ಮೀನಿನ ಹಕ್ಕನ್ನು ಸುಂಕದವರ ಮೂಲಕ ಗುತ್ತಿಗೆಗೆ ಕೊಡುತ್ತಿದ್ದಿರಬೇಕು. ಹಾಗಿದ್ದರೆ ರಾತ್ರಿಯಿಡೀ ದುಡಿದು ಬರಿಗೈಯಲ್ಲಿ ಬಂದ ಪೇತ್ರನು ಮುಂಜಾನೆ ದಡದಲ್ಲಿ ಬಲೆ ತೊಳೆಯುವಾಗ ಅವನ ಮನಸ್ಸಿನಲ್ಲಿ ಸುಂಕದ ಚಿಂತೆಯೂ ಇದ್ದಿರಬಹುದು. ಸುಂಕದ ಕಟ್ಟೆಯಲ್ಲಿ ಕುಳಿತಿದ್ದ ಮತ್ತಾಯನನ್ನೂ, ಸುಂಕ ಕೊಡಬೇಕಾಗಿದ್ದ ಪೇತ್ರನನ್ನೂ ಪ್ರಭು ಒಂದೇ ಪಂಕ್ತಿಗೆ ಕರೆದರು. ಆ ಊಟದ ಮೊದಲ ದಿನಗಳಲ್ಲಿ ಅವರಿಬ್ಬರೂ ಒಬ್ಬರ ಮುಖವನ್ನೊಬ್ಬರು ಹೇಗೆ ನೋಡಿದರೋ ಎಂದು ನನಗೆ ಆಗಾಗ ಅನಿಸುವುದುಂಟು.

ಕೊಲ್ಹಾರವೆಂದರೆ ಈಗಲೂ ನಮ್ಮ ಕಡೆ ಮೊಸರಿನ ನೆನಪು. ಹಳೆಯ ಕೊಲ್ಹಾರ ನೀರಿನಡಿಯಲ್ಲಿದೆ. ಹೊಸದು ಮೇಲೆ ಬಂದು ನಿಂತಿದೆ, ಈಗ ತಾಲ್ಲೂಕು ಕೇಂದ್ರವೂ ಆಗಿದೆ. ಮುಂದಿನ ಸಲ ಆ ಸೇತುವೆ ದಾಟುವಾಗ ಹರಿಗೋಲು ಕಂಡರೆ ಗಮನಿಸಿ. ಅದರ ಕೆಳಗೆ ಒಂದು ಕಾಲಕ್ಕೆ ಬಿಳಿಜೋಳ ಬೆಳೆದ ಎರೆಹೊಲಗಳಿವೆ. ಆ ಹೊಲಗಳಲ್ಲಿ ತಾಯಂದಿರು ಹಕ್ಕಲು ಆಯ್ದ ಜಾಗದ ಮೇಲೆಯೇ ಮಕ್ಕಳು ಈಗ ಬಲೆ ಬಿಡುತ್ತಿದ್ದಾರೆ.